ಯುದ್ಧಕಾಲದ ಕಾಗದಗಳು ಯಾರ ಸೊತ್ತು?

2014ಕ್ಕೆ ಮೊದಲ ಮಹಾಯುದ್ಧ ಶುರುವಾಗಿ ನೂರು ವರ್ಷ ತುಂಬಿತು. ಬ್ರಿಟನ್ನಿನಲ್ಲಿ ಆ ನೆನಪಿಗೆ ಎಲ್ಲೆಲ್ಲೂ ಪ್ರದರ್ಶನಗಳು. ಅದೇ ಹೊತ್ತಿಗೆ ಇಂಪೀರಿಯಲ್ ವಾರ್ ಮ್ಯೂಸಿಯಂ, ಸ್ಕಾಟ್ಲೆಂಡಿನ ರಾಷ್ಟ್ರೀಯ ಗ್ರಂಥಾಲಯ, ಲೀಡ್ಸ್ ವಿಶ್ವವಿದ್ಯಾಲಯ, ಈ ಮೂರೂ ಸಂಸ್ಥೆಗಳು ಕೆಲವು ಗಾಜಿನ ಪೆಟ್ಟಿಗೆಗಳನ್ನು ಬೇಕೆಂದೇ ಖಾಲಿ ಇಟ್ಟವು. ಯುದ್ಧಕಾಲದ ಪತ್ರಗಳು ಇರಬೇಕಾದ ಜಾಗ ಅದು. ಅಂಥ ಪತ್ರಗಳು ಅವರ ಸಂಗ್ರಹದಲ್ಲಿ ರಾಶಿ ರಾಶಿ ಇದ್ದವು. ಆದರೆ ಅವುಗಳ ಕಾಪಿರೈಟ್ ಇನ್ನೂ ಮುಗಿದಿರಲಿಲ್ಲ. ಯಾರನ್ನು ಕೇಳಿ ಪ್ರಕಟಿಸಬೇಕೋ ಅವರು ಯಾರೆಂದೂ ಗೊತ್ತಿರಲಿಲ್ಲ. ಈ ಕಾನೂನು ಬದಲಾಗಬೇಕು ಅಂತ ಗ್ರಂಥಪಾಲಕರು, ಮ್ಯೂಸಿಯಂನವರು ಸೇರಿ ಮಾಡಿದ ಪ್ರತಿಭಟನೆ ಅದು.

ನೂರು ವರ್ಷದ ಹಿಂದೆ ಕಂದಕದಲ್ಲಿ ಕೂತು ಬರೆದ ಪತ್ರಕ್ಕೆ ಈಗಲೂ ಕಾಪಿರೈಟ್ ಇರುತ್ತಾ? ಇರುತ್ತದೆ. ಹೇಗೆ ಅಂತ ತಿಳಿಯಬೇಕಾದರೆ ಮೊದಲು ಮೂರು ವಿಷಯಗಳನ್ನು ಬೇರೆ ಬೇರೆ ಮಾಡಿಕೊಳ್ಳಬೇಕು. ಇವು ಕಲಸಿಹೋಗುವುದರಿಂದಲೇ ಅರ್ಧ ಗೊಂದಲ ಹುಟ್ಟುತ್ತದೆ.

ಒಂದು, ಕಾಗದದ ಒಡೆತನ. ಸೈನಿಕ ತನ್ನ ತಾಯಿಗೆ ಪತ್ರ ಬರೆದ ಅಂದುಕೊಳ್ಳಿ. ಆ ಹಾಳೆ ತಾಯಿಯದು. ಅವಳು ಅದನ್ನು ಇಟ್ಟುಕೊಳ್ಳಬಹುದು, ಮಾರಬಹುದು, ಮ್ಯೂಸಿಯಂಗೆ ಕೊಡಬಹುದು. ಎರಡು, ಬರಹದ ಹಕ್ಕು, ಅಂದರೆ ಕಾಪಿರೈಟ್. ಅದು ಬರೆದ ಮಗನದು. ಅವನು ಸತ್ತ ಮೇಲೆ ಅವನ ವಾರಸುದಾರರದು. ತಾಯಿ ಪತ್ರವನ್ನು ಮ್ಯೂಸಿಯಂಗೆ ಕೊಟ್ಟರೂ ಅದನ್ನು ಅಚ್ಚು ಹಾಕುವ ಹಕ್ಕನ್ನು ಕೊಡಲು ಅವಳಿಗೆ ಆಗುವುದಿಲ್ಲ, ಆ ಹಕ್ಕು ಅವಳಿಗೇ ಬಂದಿದ್ದರೆ ಮಾತ್ರ ಆದೀತು. ಮೂರು, ಗೌಪ್ಯತೆ. ಸರ್ಕಾರ ‘ರಹಸ್ಯ’ ಅಂತ ಮೊಹರು ಹಾಕಿದ ಕಡತದ ವಿಷಯ ಇದು. ಇದಕ್ಕೆ ಬೇರೆಯದೇ ಕಾನೂನು. 1962ರ ಚೀನಾ ಯುದ್ಧದ ಬಗ್ಗೆ ನಮ್ಮ ಸೇನೆ ಬರೆಸಿದ ಹೆಂಡರ್ಸನ್ ಬ್ರೂಕ್ಸ್ ವರದಿಯನ್ನು ಸರ್ಕಾರ ಬಿಡುಗಡೆ ಮಾಡಿಲ್ಲ. ಅದಕ್ಕೆ ಕಾರಣ ಗೌಪ್ಯತೆ, ಕಾಪಿರೈಟ್ ಅಲ್ಲ. ಒಂದು ಕಾಗದದ ರಹಸ್ಯ ಮುಗಿದರೂ ಕಾಪಿರೈಟ್ ಉಳಿದಿರಬಹುದು. ಕಾಪಿರೈಟ್ ಮುಗಿದರೂ ರಹಸ್ಯ ಉಳಿದಿರಬಹುದು.

ಮೊದಲ ಎರಡರ ನಡುವಿನ ಅಂತರ ಎಷ್ಟು ದೊಡ್ಡದು ಅನ್ನುವುದು ಚರ್ಚಿಲ್ ಕಾಗದಗಳಲ್ಲಿ ಚೆನ್ನಾಗಿ ಕಾಣುತ್ತದೆ. 1995ರಲ್ಲಿ ಅವರ ಕುಟುಂಬದ ಕೈಲಿದ್ದ ಕಾಗದಗಳನ್ನು ದೇಶಕ್ಕೆ ಉಳಿಸಿಕೊಳ್ಳಲು ಬ್ರಿಟನ್ನಿನ ಲಾಟರಿ ನಿಧಿಯಿಂದ ಸುಮಾರು ಒಂದೂಕಾಲು ಕೋಟಿ ಪೌಂಡ್ ಕೊಟ್ಟರು. ಕಾಗದಗಳು ಕೇಂಬ್ರಿಜ್‌ನ ಚರ್ಚಿಲ್ ಕಾಲೇಜಿನಲ್ಲೇ ಉಳಿದವು. ಕಾಪಿರೈಟ್ ಮಾತ್ರ ಕುಟುಂಬದ ಹತ್ತಿರವೇ ಉಳಿಯಿತು. ಸಾರ್ವಜನಿಕರ ದುಡ್ಡು ಹಾಳೆಗೆ ಹೋಯಿತು, ಅದರ ಮೇಲಿನ ಮಾತಿಗೆ ಹೋಗಲಿಲ್ಲ. ಇದು ಆಗ ದೊಡ್ಡ ಗಲಾಟೆಗೆ ಕಾರಣವಾಯಿತು, ಆಗಬೇಕಾದದ್ದೇ.

ಈಗ ಆ ಖಾಲಿ ಪೆಟ್ಟಿಗೆಗಳ ವಿಷಯ. ಬ್ರಿಟನ್ನಿನಲ್ಲಿ ಬರಹಗಾರ ಬದುಕಿರುವವರೆಗೆ, ಸತ್ತ ಮೇಲೆ ಇನ್ನೂ 70 ವರ್ಷ ಕಾಪಿರೈಟ್ ಇರುತ್ತದೆ. ಈ ಲೆಕ್ಕದಲ್ಲಿ 1915ರಲ್ಲಿ ಸತ್ತ ಸೈನಿಕನ ಹಕ್ಕು 1985ಕ್ಕೆ ಮುಗಿಯಬೇಕು. ಆದರೆ ಪ್ರಕಟವೇ ಆಗದ ಬರಹಕ್ಕೆ ಹಳೆಯ ಕಾನೂನಿನಲ್ಲಿ ಕೊನೆಯೇ ಇರಲಿಲ್ಲ. ಪ್ರಕಟವಾದ ಮೇಲಷ್ಟೇ ಲೆಕ್ಕ ಶುರು. 1988ರ ಕಾಯ್ದೆ ಈ ಅನಂತಕಾಲಕ್ಕೆ ಒಂದು ಗಡುವು ಹಾಕಿತು. ಕಾಯ್ದೆ ಜಾರಿಗೆ ಬಂದ 1989ರ ಕೊನೆಯಿಂದ 50 ವರ್ಷ, ಅಂದರೆ 2039ರ ಡಿಸೆಂಬರ್ 31. ಹಾಗಾಗಿ 1915ರಲ್ಲಿ ಸತ್ತವನ ಅಪ್ರಕಟಿತ ಪತ್ರಕ್ಕೆ ಅವನ ಸಾವಿನ ನಂತರ 124 ವರ್ಷ ರಕ್ಷಣೆ. ಯಾರಿಂದ ರಕ್ಷಣೆ? ಅವನನ್ನು ನೆನಪಿಡಬೇಕು ಅನ್ನುವವರಿಂದ.

ಅವಧಿ ಉದ್ದ ಅನ್ನುವುದಷ್ಟೇ ತೊಂದರೆಯಲ್ಲ. ಇಪ್ಪತ್ತು ವರ್ಷಕ್ಕೆ ಸತ್ತ ಹುಡುಗನಿಗೆ ಮಕ್ಕಳಿಲ್ಲ. ಹಕ್ಕು ತಂದೆ ತಾಯಿಗೆ ಹೋಯಿತು, ಅವರಿಂದ ಅಣ್ಣ ತಂಗಿಯರಿಗೆ, ಅವರ ಮಕ್ಕಳಿಗೆ, ಮೊಮ್ಮಕ್ಕಳಿಗೆ. ಇವತ್ತು ಅದು ಮೂರು ಖಂಡಗಳಲ್ಲಿ ಹರಡಿಹೋದ ಹತ್ತಾರು ಜನರ ಪಾಲಾಗಿರಬಹುದು. ತಮಗೆ ಅಂಥದೊಂದು ಹಕ್ಕಿದೆ ಅಂತ ಅವರಲ್ಲಿ ಒಬ್ಬರಿಗೂ ಗೊತ್ತಿರುವುದಿಲ್ಲ. ಇಂಥವನ್ನು ಅನಾಥ ಕೃತಿಗಳು ಅನ್ನುತ್ತಾರೆ. ಒಡೆಯ ಇದ್ದಾನೆ, ಆದರೆ ಸಿಗುವುದಿಲ್ಲ. 2014ರ ಅಕ್ಟೋಬರ್‌ನಲ್ಲಿ ಬ್ರಿಟಿಷ್ ಸರ್ಕಾರ ಇದಕ್ಕೊಂದು ದಾರಿ ಮಾಡಿತು. ವಾರಸುದಾರರನ್ನು ಶ್ರದ್ಧೆಯಿಂದ ಹುಡುಕಿದ್ದೇವೆ ಅಂತ ತೋರಿಸಿದರೆ ಏಳು ವರ್ಷದ ಪರವಾನಗಿ, ಅದೂ ಬ್ರಿಟನ್ನಿನೊಳಗೆ ಮಾತ್ರ. ಒಂದು ಪುಸ್ತಕಕ್ಕೆ ಐದು ಪತ್ರ ಬೇಕಾದವರಿಗೆ ಇದು ಸಾಕು. ಲಕ್ಷಗಟ್ಟಲೆ ಹಾಳೆ ಸ್ಕ್ಯಾನ್ ಮಾಡಿ ಜಾಲತಾಣಕ್ಕೆ ಹಾಕುವ ಗ್ರಂಥಾಲಯ ಪ್ರತಿ ಹಾಳೆಗೂ ವಂಶವೃಕ್ಷ ಹುಡುಕುತ್ತಾ ಕೂರಲು ಸಾಧ್ಯವೇ ಇಲ್ಲ. 2039 ಅನ್ನುವ ಗಡುವು ಇವತ್ತಿಗೂ ಹಾಗೇ ಇದೆ.

ಆಸ್ಟ್ರೇಲಿಯಾದಲ್ಲಿ ಇದೇ ರೋಗಕ್ಕೆ ಮದ್ದು ಸಿಕ್ಕಿತು. ಅಲ್ಲಿ ಅಪ್ರಕಟಿತ ಬರಹಕ್ಕೆ ಗಡುವೇ ಇರಲಿಲ್ಲ, ಶಾಶ್ವತ ಕಾಪಿರೈಟ್. ಸೈನಿಕರ ಪತ್ರ, ದಿನಚರಿಗಳ ಜೊತೆಗೆ ಅಜ್ಜಿಯರು ಕೈಯಲ್ಲಿ ಬರೆದಿಟ್ಟ ಅಡುಗೆ ಟಿಪ್ಪಣಿಗಳೂ ಅದರಲ್ಲಿ ಸಿಕ್ಕಿಕೊಂಡಿದ್ದವು. 2015ರಲ್ಲಿ ಗ್ರಂಥಪಾಲಕರು ಒಂದು ಚಳವಳಿ ಮಾಡಿದರು. ಗ್ರಂಥಾಲಯದಲ್ಲಿದ್ದ ಹಳೆಯ ಅಪ್ರಕಟಿತ ಟಿಪ್ಪಣಿಗಳನ್ನು ನೋಡಿ ಜನ ಕೇಕು, ಬಿಸ್ಕತ್ತು ಮಾಡಿ ಫೋಟೋ ಹಂಚಿಕೊಂಡರು. ಕಾನೂನು ಎಲ್ಲಿಯವರೆಗೆ ಕೈ ಚಾಚಿದೆ ಅಂತ ಸಾಮಾನ್ಯರಿಗೆ ತಟ್ಟನೆ ಅರ್ಥವಾಯಿತು. 2017ರಲ್ಲಿ ಸಂಸತ್ತು ಕಾಯ್ದೆ ತಿದ್ದಿತು. 2019ರ ಜನವರಿ 1ರಿಂದ ಅಪ್ರಕಟಿತ ಬರಹಕ್ಕೂ ಪ್ರಕಟಿತ ಬರಹದಷ್ಟೇ ಅವಧಿ.

ನಮ್ಮ ಸಿಪಾಯಿಗಳ ಕಥೆಯೂ ಇದರಲ್ಲಿದೆ. ಮೊದಲ ಮಹಾಯುದ್ಧದಲ್ಲಿ ಫ್ರಾನ್ಸಿಗೆ ಹೋದ ಭಾರತೀಯ ಸೈನಿಕರ ಪತ್ರಗಳನ್ನು ಬ್ರಿಟಿಷರು ಸೆನ್ಸಾರ್ ಮಾಡುತ್ತಿದ್ದರು. ಬುಲೋನ್‌ನಲ್ಲಿ ಅದಕ್ಕೆಂದೇ ಒಂದು ಕಚೇರಿ. ಅಲ್ಲಿನವರು ಪತ್ರಗಳನ್ನು ಓದಿ, ಮುಖ್ಯ ಅನ್ನಿಸಿದ ಭಾಗಗಳನ್ನು ಇಂಗ್ಲಿಷಿಗೆ ಅನುವಾದಿಸಿ, ವರದಿಯ ಜೊತೆ ಮೇಲಿನವರಿಗೆ ಕಳಿಸುತ್ತಿದ್ದರು. ಆ ವರದಿಗಳು ಈಗ ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿವೆ. ಯಾರು, ಯಾರಿಗೆ, ಯಾವ ಭಾಷೆಯಲ್ಲಿ, ಯಾವತ್ತು ಬರೆದದ್ದು ಎಂಬ ವಿವರ, ಅದರ ಕೆಳಗೆ ಟೈಪ್ ಮಾಡಿದ ಕೆಲವು ಸಾಲು. ಮೂಲ ಪತ್ರಗಳು ಊರಿಗೆ ಹೋದವು, ಬಹುಪಾಲು ಅಲ್ಲೇ ಕಳೆದುಹೋದವು. ಎಷ್ಟೋ ಸಿಪಾಯಿಗಳಿಗೆ ಅಕ್ಷರ ಬರುತ್ತಿರಲಿಲ್ಲ. ಬರೆಯಲು ಬಲ್ಲ ಜೊತೆಗಾರನಿಂದ ಬರೆಸುತ್ತಿದ್ದರು.

ಆ ಟೈಪ್ ಮಾಡಿದ ಸಾಲುಗಳ ಹಕ್ಕುದಾರ ಯಾರು ಹೇಳಿ? ಮಾತು ಸಿಪಾಯಿಯದು. ಅಕ್ಷರ ಇನ್ನೊಬ್ಬನದು. ಅನುವಾದ ಸರ್ಕಾರಿ ನೌಕರನದು, ಅಂದರೆ ಸರ್ಕಾರದ್ದು. ಸಾಮಾನ್ಯವಾಗಿ ಮಾತು ಕಟ್ಟಿದವನೇ ಲೇಖಕ, ಹೇಳಿದ್ದನ್ನು ಸುಮ್ನೆ ಬರೆದುಕೊಂಡವನಲ್ಲ. ಅನುವಾದದ ಹಕ್ಕು ಮೂಲದ ಹಕ್ಕನ್ನು ಅಳಿಸುವುದಿಲ್ಲ. ಅಂದರೆ ಒಂದೇ ಹಾಳೆಯಲ್ಲಿ ಎರಡು ಹಕ್ಕು. ಸರ್ಕಾರದ ಪಾಲಿನದು ಸಮಸ್ಯೆಯಲ್ಲ. ಸಾರ್ವಜನಿಕರಿಗೆ ತೆರೆದಿಟ್ಟ ಅಪ್ರಕಟಿತ ಸರ್ಕಾರಿ ದಾಖಲೆಗಳನ್ನು ಬಳಸಿಕೊಳ್ಳಲು ಬ್ರಿಟನ್ 1999ರಿಂದಲೇ ಬಿಟ್ಟುಕೊಟ್ಟಿದೆ. ಸಮಸ್ಯೆ ಸಿಪಾಯಿಯ ಪಾಲಿನದು. ಅವನ ವಾರಸುದಾರರು ಪಂಜಾಬಿನ ಯಾವುದೋ ಹಳ್ಳಿಯಲ್ಲಿರಬಹುದು, ಆ ಹಳ್ಳಿ ಈಗ ಪಾಕಿಸ್ತಾನದಲ್ಲಿರಬಹುದು. ಅವನ ಪತ್ರವನ್ನು ಅವನನ್ನು ಕೇಳದೇ ಒಡೆದು ಓದಿದ್ದರಿಂದಲೇ ಅವನ ಮಾತು ಉಳಿಯಿತು. ಈಗ ಅದನ್ನು ಪ್ರಕಟಿಸಬೇಕು ಅಂದರೆ ಕಾನೂನು ಅವನ ಅನುಮತಿ ಕೇಳಿ ಅನ್ನುತ್ತದೆ.

ಇಲ್ಲಿಯವರೆಗೆ ಹೇಳಿದ್ದರಲ್ಲಿ ಯಾರೂ ಕೆಟ್ಟವರಿಲ್ಲ. ಕಾನೂನು ಹಳೆಯದು, ಜನ ಸತ್ತಿದ್ದಾರೆ, ಅಷ್ಟೇ. ಕೋರ್ಟಿಗೆ ಹೋದ ಜಗಳಗಳು ಬೇರೆ ಥರದವು. ಅಲ್ಲಿ ಹಕ್ಕುದಾರ ಎದುರಿಗೇ ನಿಂತಿರುತ್ತಾನೆ, ತಡೆಯಲು ಅವನಿಗೆ ಅವನದೇ ಕಾರಣ ಇರುತ್ತದೆ. ಇವುಗಳಲ್ಲಿ ಜಾಸ್ತಿ ಜರ್ಮನಿಯವು.

ಗೋಬೆಲ್ಸ್‌ನ ದಿನಚರಿಯಿಂದ ಶುರು ಮಾಡೋಣ. ಹಿಟ್ಲರನ ಪ್ರಚಾರ ಮಂತ್ರಿ ಗೋಬೆಲ್ಸ್ 1945ರ ಮೇ 1ರಂದು ಸತ್ತ. ಜರ್ಮನಿಯಲ್ಲೂ ಸಾವಿನ ನಂತರ 70 ವರ್ಷದ ಲೆಕ್ಕ, ಅದೂ ವರ್ಷದ ಕೊನೆಯವರೆಗೆ. ಹಾಗಾಗಿ ಅವನ ದಿನಚರಿಯ ಕಾಪಿರೈಟ್ 2015ರ ಡಿಸೆಂಬರ್ 31ರವರೆಗೆ ಇತ್ತು. 2010ರಲ್ಲಿ ಇತಿಹಾಸಕಾರ ಪೀಟರ್ ಲಾಂಗೆರಿಷ್ ಬರೆದ ಗೋಬೆಲ್ಸ್ ಜೀವನಚರಿತ್ರೆ ಬಂತು. ಅದರಲ್ಲಿ ದಿನಚರಿಯ ಸಾಲುಗಳು ಬೇಕಾದಷ್ಟಿವೆ. ಅವುಗಳಿಗೆ ದುಡ್ಡು ಕೊಡಿ ಅಂತ ಕೇಳಿದವರು ಹಿಟ್ಲರನ ಆರ್ಥಿಕ ಮಂತ್ರಿಯಾಗಿದ್ದ ಯಾಲ್ಮಾರ್ ಶಾಖ್ಟ್‌ನ ಮಗಳು, ವಕೀಲೆ. ಹಕ್ಕು ಅವರ ಕೈಗೆ ಬಂದಿತ್ತು. ಪ್ರಕಾಶಕರಾದ ರಾಂಡಮ್ ಹೌಸ್ ಜರ್ಮನಿಯವರು ಯುದ್ಧಾಪರಾಧಿಯ ಮಾತಿಗೆ ದುಡ್ಡು ಕೊಡುವುದು ಅನೀತಿ ಅಂತ ವಾದಿಸಿದರು. 2015ರ ಜುಲೈನಲ್ಲಿ ಮ್ಯೂನಿಕ್ ಕೋರ್ಟು ಕೊಡಲೇಬೇಕು ಅಂದಿತು.

ನನಗೆ ಈ ತೀರ್ಪು ನುಂಗಲಾಗದ್ದು. ಆದರೆ ಕೋರ್ಟಿನ ನಿಲುವು ಅರ್ಥವಾಗುತ್ತದೆ. ಬರೆದವನು ಒಳ್ಳೆಯವನೋ ಕೆಟ್ಟವನೋ ಅಂತ ನೋಡಿ ಕಾಪಿರೈಟ್ ಕೊಡುವ ಕಾನೂನು ಎಲ್ಲೂ ಇಲ್ಲ. ಹಾಗೆ ಮಾಡಲು ಹೊರಟರೆ ಯಾರು ಒಳ್ಳೆಯವರು ಅಂತ ತೀರ್ಮಾನಿಸುವ ಕೆಲಸ ಸರ್ಕಾರದ ಕೈಗೆ ಹೋಗುತ್ತದೆ.

ಸರ್ಕಾರದ ಕೈಗೆ ಹೋದರೆ ಏನಾಗುತ್ತದೆ ಅನ್ನುವುದಕ್ಕೆ ಅದೇ ಮ್ಯೂನಿಕ್‌ನಲ್ಲಿ ಇನ್ನೊಂದು ಪ್ರಕರಣ ಇದೆ. ಯುದ್ಧ ಮುಗಿದ ಮೇಲೆ ನಾಜಿ ಪಕ್ಷದ ಪ್ರಕಾಶನವಾಗಿದ್ದ ಏಯರ್ ಸಂಸ್ಥೆಯ ಆಸ್ತಿಯನ್ನು ಮಿತ್ರರಾಷ್ಟ್ರಗಳು ಬವೇರಿಯಾ ರಾಜ್ಯಕ್ಕೆ ಒಪ್ಪಿಸಿದವು. ಅದರ ಜೊತೆ ಕಾಪಿರೈಟುಗಳೂ ಹೋದವು, ಹಿಟ್ಲರನ ‘ಮೈನ್ ಕಾಂಫ್’ ಸಹ. ಬವೇರಿಯಾ ಆ ಹಕ್ಕನ್ನು ದುಡ್ಡು ಮಾಡಲು ಬಳಸಲಿಲ್ಲ. ಮರುಮುದ್ರಣ ತಡೆಯಲು ಬಳಸಿತು. ಯುದ್ಧ ಮುಗಿದ ಹೊಸದರಲ್ಲಿ ಅದಕ್ಕೆ ಒಳ್ಳೆಯ ಕಾರಣವಿತ್ತು.

2009ರ ಜನವರಿಯಲ್ಲಿ ಪೀಟರ್ ಮೆಕ್‌ಗೀ ಎಂಬ ಬ್ರಿಟಿಷ್ ಪ್ರಕಾಶಕರು ಜರ್ಮನಿಯಲ್ಲಿ ‘ತ್ಸೈಟುಂಗ್ಸ್‌ತ್ಸೊಯ್ಗೆನ್’ ಎಂಬ ವಾರಪತ್ರಿಕೆ ಶುರು ಮಾಡಿದರು. ಹಿಟ್ಲರ್ ಕಾಲದ ಪತ್ರಿಕೆಗಳನ್ನು ಇದ್ದ ಹಾಗೇ ಮುದ್ರಿಸಿ, ಇತಿಹಾಸಕಾರರ ವಿವರಣೆಯ ಜೊತೆ ಮಾರುವುದು ಯೋಜನೆ. ನಾಜಿಗಳ ಪತ್ರಿಕೆಯೂ ಇರುತ್ತಿತ್ತು, ಅವರ ವಿರೋಧಿಗಳ ಪತ್ರಿಕೆಯೂ ಇರುತ್ತಿತ್ತು. ಒಂದೇ ಸುದ್ದಿಯನ್ನು ಯಾರು ಹೇಗೆ ಬರೆದರು ಅಂತ ಓದುಗರೇ ಪಕ್ಕಪಕ್ಕದಲ್ಲಿ ಇಟ್ಟು ನೋಡಬಹುದಿತ್ತು. ಬವೇರಿಯಾದ ಹಣಕಾಸು ಇಲಾಖೆ ಕಾಪಿರೈಟ್ ಹಿಡಿದು ಅಡ್ಡ ಬಂತು. ಪೊಲೀಸರು ಅಂಗಡಿಗಳಿಂದ ಪ್ರತಿಗಳನ್ನು ಎತ್ತಿಕೊಂಡು ಹೋದರು. ಮಾರ್ಚ್‌ನಲ್ಲಿ ಕೋರ್ಟು ಮಧ್ಯದಲ್ಲೊಂದು ಗೆರೆ ಎಳೆಯಿತು. 1938ರ ಕೊನೆಯವರೆಗಿನ ಸಂಚಿಕೆಗಳ ಹಕ್ಕು 70 ವರ್ಷ ತುಂಬಿ ಮುಗಿದಿದೆ, ಅವುಗಳನ್ನು ಮುದ್ರಿಸಬಹುದು. 1939ರಿಂದ ಈಚಿನವು ಬೇಡ.

ಈ ಗೆರೆ ಎಲ್ಲಿ ಬಿತ್ತು ನೋಡಿ. ಎರಡನೇ ಮಹಾಯುದ್ಧ ಶುರುವಾದದ್ದೇ 1939ರ ಸೆಪ್ಟೆಂಬರ್‌ನಲ್ಲಿ. ಅಂದರೆ ನಾಜಿಗಳು ಅಧಿಕಾರಕ್ಕೆ ಬಂದ ಕಾಲದ ಸುಳ್ಳನ್ನು ಓದುಗರಿಗೆ ತೋರಿಸಬಹುದು, ಯುದ್ಧಕಾಲದ ಸುಳ್ಳನ್ನು ತೋರಿಸುವ ಹಾಗಿಲ್ಲ. ಹೊಸ ಪ್ರಚಾರಕ್ಕೆ ಅವಕಾಶ ಕೊಡಬಾರದು ಅನ್ನುವ ಕಳಕಳಿ ನಿಜವಾದದ್ದೇ. ಆ ಪತ್ರಿಕೆಗಳಿಂದ ಜೀವ ಕಳೆದುಕೊಂಡವರ ಮನೆಯವರು ಇನ್ನೂ ಇದ್ದಾರೆ. ಆದರೆ ಅದಕ್ಕೆ ಜರ್ಮನಿಯಲ್ಲಿ ದ್ವೇಷ ಪ್ರಚಾರದ ವಿರುದ್ಧ ನೇರ ಕಾನೂನು ಇದೆ. ಆ ಕಾನೂನು ಉದ್ದೇಶ ಏನು ಅಂತ ಕೇಳುತ್ತದೆ, ಕಾಪಿರೈಟ್ ಅದನ್ನು ಕೇಳುವುದೇ ಇಲ್ಲ. ಹಾಗಾಗಿ ಅದು ಇತಿಹಾಸಕಾರನನ್ನೂ ಮತಾಂಧನನ್ನೂ ಒಂದೇ ಸಮ ತಡೆಯಿತು. ‘ಮೈನ್ ಕಾಂಫ್’ನ ಹಕ್ಕು ಮುಗಿದ ಮರುತಿಂಗಳೇ, 2016ರ ಜನವರಿಯಲ್ಲಿ, ಮ್ಯೂನಿಕ್‌ನ ಸಮಕಾಲೀನ ಇತಿಹಾಸ ಸಂಸ್ಥೆ ಮೂರೂವರೆ ಸಾವಿರ ಟಿಪ್ಪಣಿಗಳ ಜೊತೆ ಸುಮಾರು ಎರಡು ಸಾವಿರ ಪುಟದ ಆವೃತ್ತಿ ತಂದಿತು. ಸುಳ್ಳಿನ ಪಕ್ಕದಲ್ಲೇ ಅದು ಯಾಕೆ ಸುಳ್ಳು ಎಂಬ ವಿವರ. ಇಂಥ ಕೆಲಸಕ್ಕೆ 70 ವರ್ಷ ಕಾಯಬೇಕಾಯಿತು ಅನ್ನುವುದೇ ನನ್ನ ಬೇಸರ.

ಕಾಪಿರೈಟನ್ನು ಬೇರೆ ಕೆಲಸಕ್ಕೆ ಬಳಸುವ ಈ ಚಾಳಿ ಅತಿ ಸ್ಪಷ್ಟವಾಗಿ ಕಂಡದ್ದು ತೀರಾ ಈಚಿನ ಒಂದು ಯುದ್ಧದ ಕಾಗದಗಳಲ್ಲಿ. ಜರ್ಮನ್ ರಕ್ಷಣಾ ಇಲಾಖೆ ವಿದೇಶಗಳಲ್ಲಿರುವ ತನ್ನ ಸೈನಿಕರ ಬಗ್ಗೆ ಸಂಸದರಿಗೆ ವಾರವಾರ ಒಂದು ವರದಿ ಕಳಿಸುತ್ತಿತ್ತು. ಗೌಪ್ಯತೆಯಲ್ಲಿ ಅತಿ ಕೆಳಗಿನ ದರ್ಜೆಯದು. ಅಫ್ಘಾನಿಸ್ತಾನದ ಕಾರ್ಯಾಚರಣೆಯ ವಿವರ ಅದರಲ್ಲಿ ಇರುತ್ತಿತ್ತು. 2012ರಲ್ಲಿ ಫುಂಕೆ ಪತ್ರಿಕಾ ಸಮೂಹ 2001ರಿಂದ ಈಚಿನ ವರದಿಗಳನ್ನು ಕೊಡಿ ಅಂತ ಕಾನೂನುಬದ್ಧವಾಗಿ ಕೇಳಿತು. ಇಲಾಖೆ ಕೊಡಲಿಲ್ಲ. ಪತ್ರಿಕೆಗೆ ಬೇರೆ ದಾರಿಯಲ್ಲಿ ವರದಿಗಳು ಸಿಕ್ಕವು, ‘ಅಫ್ಘಾನಿಸ್ತಾನ್ ಕಾಗದಗಳು’ ಎಂಬ ಹೆಸರಲ್ಲಿ ಜಾಲತಾಣಕ್ಕೆ ಹಾಕಿತು. ಆಗ ಸರ್ಕಾರ ಕೋರ್ಟಿಗೆ ಹೋದದ್ದು ರಹಸ್ಯ ಸೋರಿತು ಅಂತಲ್ಲ. ನಮ್ಮ ಕಾಪಿರೈಟ್ ಉಲ್ಲಂಘನೆಯಾಯಿತು ಅಂತ.

ಕಲೋನ್‌ನ ಎರಡೂ ಕೋರ್ಟುಗಳು ಸರ್ಕಾರದ ಪರ ನಿಂತವು. ಕೊನೆಗೆ ಪ್ರಕರಣ ಲಕ್ಸೆಂಬರ್ಗ್‌ನಲ್ಲಿರುವ ಐರೋಪ್ಯ ಒಕ್ಕೂಟದ ನ್ಯಾಯಾಲಯಕ್ಕೆ ಹೋಯಿತು. 2019ರ ಜುಲೈ 29ರ ತೀರ್ಪು ಮುಖ್ಯವಾಗಿ ಎರಡು ಮಾತು ಹೇಳಿತು. ಕಾಪಿರೈಟ್ ಸಿಗಬೇಕಾದರೆ ಬರೆದವನ ಸ್ವಂತ ಆಯ್ಕೆ, ಸ್ವಂತ ಛಾಪು ಬರಹದಲ್ಲಿ ಕಾಣಬೇಕು. ಎಷ್ಟು ಗಂಟೆಗೆ ಎಲ್ಲಿ ದಾಳಿಯಾಯಿತು ಅಂತ ನಿಗದಿತ ನಮೂನೆಯಲ್ಲಿ ತುಂಬುವ ವರದಿಯಲ್ಲಿ ಮಾಹಿತಿ ಬಿಟ್ಟರೆ ಬೇರೇನೂ ಇಲ್ಲದಿದ್ದರೆ ಅದು ಕಾಪಿರೈಟಿಗೆ ಅರ್ಹವೇ ಅಲ್ಲ. ಹಾಗೊಂದು ವೇಳೆ ಅರ್ಹ ಅಂದರೂ, ಪ್ರಚಲಿತ ವಿದ್ಯಮಾನವನ್ನು ವರದಿ ಮಾಡುವ ಪತ್ರಿಕೆಗೆ ಕಾನೂನಿನಲ್ಲೇ ವಿನಾಯಿತಿ ಇದೆ. ದಾಖಲೆಗಳಿಗೆ ಮುನ್ನುಡಿ, ಕೊಂಡಿ ಕೊಟ್ಟು ಕ್ರಮವಾಗಿ ಇಟ್ಟಿದ್ದರೆ ಅದೂ ವರದಿಗಾರಿಕೆಯೇ ಆಗಬಹುದು. 2020ರ ಏಪ್ರಿಲ್ 30ರಂದು ಜರ್ಮನಿಯ ಸರ್ವೋಚ್ಚ ಕೋರ್ಟು ಸರ್ಕಾರದ ದಾವೆಯನ್ನು ವಜಾ ಮಾಡಿತು. ಆ ವರದಿ ಬರೆದ ಅಧಿಕಾರಿ ಅದನ್ನು ಮಾರಿ ಬದುಕಬೇಕಾಗಿರಲಿಲ್ಲ ಅಲ್ವಾ? ಹಾಗಿದ್ದರೆ ಸರ್ಕಾರ ಇಲ್ಲಿ ಕಾಪಿರೈಟ್ ಹೆಸರಲ್ಲಿ ಕಾಯುತ್ತಿದ್ದದ್ದು ಏನನ್ನು? ಯುದ್ಧದ ಯಾವ ಕಾಗದದ ಜಗಳ ಬಂದರೂ ನಾನು ಕೇಳುವ ಮೊದಲ ಪ್ರಶ್ನೆ ಇದು. ಅಮೆರಿಕದಲ್ಲಿ ಈ ಜಗಳ ಹುಟ್ಟುವುದೇ ಇಲ್ಲ. ಅಲ್ಲಿ ಕೇಂದ್ರ ಸರ್ಕಾರದ ನೌಕರ ಕೆಲಸದ ಭಾಗವಾಗಿ ಬರೆದದ್ದಕ್ಕೆ, ತೆಗೆದ ಫೋಟೋಗೆ ಅಲ್ಲಿನ ಕಾನೂನಿನಲ್ಲಿ ಕಾಪಿರೈಟೇ ಇಲ್ಲ.

ಆ್ಯನ್ ಫ್ರಾಂಕ್ ದಿನಚರಿಯ ಜಗಳಕ್ಕೆ ಈ ಪ್ರಶ್ನೆ ಹಾಕಿದರೆ ಉತ್ತರ ಅಷ್ಟು ಸುಲಭವಲ್ಲ. ನಾಜಿಗಳಿಂದ ತಪ್ಪಿಸಿಕೊಳ್ಳಲು ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಅಡಗಿದ್ದ ಯಹೂದಿ ಹುಡುಗಿ ಅವಳು. 1945ರ ಆರಂಭದಲ್ಲಿ ನಾಜಿಗಳ ಬೆರ್ಗೆನ್ ಬೆಲ್ಸೆನ್ ಶಿಬಿರದಲ್ಲಿ ಸತ್ತಳು. ಸರಳ ಲೆಕ್ಕದಲ್ಲಿ 2016ರ ಜನವರಿ 1ಕ್ಕೆ ದಿನಚರಿ ಎಲ್ಲರದೂ ಆಗಬೇಕು. ಆ ದಿನ ಫ್ರಾನ್ಸಿನಲ್ಲಿ ಒಬ್ಬ ಸಂಸದೆ ಮತ್ತು ಒಬ್ಬ ಪ್ರಾಧ್ಯಾಪಕರು ಡಚ್ ಮೂಲವನ್ನು ಜಾಲತಾಣಕ್ಕೆ ಹಾಕಿಯೂಬಿಟ್ಟರು. ಆದರೆ ಹಕ್ಕು ಹೊಂದಿರುವ, ಅವಳ ತಂದೆ ಆಟೋ ಫ್ರಾಂಕ್ ಬಾಸೆಲ್‌ನಲ್ಲಿ ಕಟ್ಟಿದ ನಿಧಿ ಒಪ್ಪಲಿಲ್ಲ. 1947ರಲ್ಲಿ ಬಂದ ಪುಸ್ತಕವನ್ನು ಹೊಂದಿಸಿದವರು ತಂದೆ, ಅವರು ಸತ್ತದ್ದು 1980ರಲ್ಲಿ, ಆದ್ದರಿಂದ ಅದಕ್ಕೆ 2050ರವರೆಗೆ ಹಕ್ಕಿದೆ ಅನ್ನುವುದು ನಿಧಿಯ ವಾದ. ಅವಳ ಪೂರ್ಣ ಹಸ್ತಪ್ರತಿ ಮೊದಲು ಅಚ್ಚಾದದ್ದು 1986ರಲ್ಲಿ. ಹಾಗಾಗಿ ನೆದರ್ಲ್ಯಾಂಡ್ಸ್‌ನಲ್ಲಿ ಅದಕ್ಕೆ 2036ರ ಕೊನೆಯವರೆಗೆ ರಕ್ಷಣೆ. ಅಮೆರಿಕದಲ್ಲಿ 1947ರ ಪುಸ್ತಕಕ್ಕೆ 2042ರ ಕೊನೆಯವರೆಗೆ. ಬೆಲ್ಜಿಯಂನಲ್ಲಿ ಹಸ್ತಪ್ರತಿಯ ಹಕ್ಕು ಮುಗಿದಿದೆ. 2021ರಲ್ಲಿ ಆಮ್‌ಸ್ಟರ್‌ಡ್ಯಾಮ್‌ನ ಆ್ಯನ್ ಫ್ರಾಂಕ್ ಪ್ರತಿಷ್ಠಾನ ಮತ್ತು ವಿದ್ವಾಂಸರು ಹಸ್ತಪ್ರತಿಗಳ ಆವೃತ್ತಿಯನ್ನು ಜಾಲತಾಣದಲ್ಲಿ ತಂದಾಗ ನೆದರ್ಲ್ಯಾಂಡ್ಸ್‌ನಲ್ಲಿ ಅದು ತೆರೆಯದಂತೆ ತಡೆ ಹಾಕಿದರು. ಅವಳು ಅಡಗಿ ಕೂತು ಬರೆದ ಊರಿನವರಿಗೇ ಅದು ಕಾಣುವುದಿಲ್ಲ. ಬೇರೆ ದೇಶದಿಂದ ನೋಡುತ್ತಿರುವ ಹಾಗೆ ತೋರಿಸುವ ವಿಪಿಎನ್ ಬಳಸಿ ತಡೆ ದಾಟಬಹುದಲ್ಲ ಅಂತ ನಿಧಿ ದಾವೆ ಹೂಡಿತು. 2024ರ ನವೆಂಬರ್‌ನಲ್ಲಿ ಡಚ್ ಸುಪ್ರೀಂ ಕೋರ್ಟು ಈ ಪ್ರಶ್ನೆಯನ್ನು ಲಕ್ಸೆಂಬರ್ಗ್‌ಗೆ ಕಳಿಸಿತು. ಇಲ್ಲಿ ಹಕ್ಕಿನ ದುಡ್ಡು ಮಕ್ಕಳಿಗಾಗಿ ದುಡಿಯುವ ಸಂಸ್ಥೆಗಳಿಗೆ ಹೋಗುತ್ತದೆ. ಮಗಳ ಮಾತನ್ನು ತಿರುಚುವವರಿಂದ ಕಾಯಬೇಕು ಅನ್ನುವುದು ತಂದೆಯ ಆಸೆಯಾಗಿತ್ತು. ಅದನ್ನು ಅಲ್ಲಗಳೆಯಲು ನನಗೆ ಮನಸ್ಸು ಬರುವುದಿಲ್ಲ. ಆದರೂ 1945ರಲ್ಲಿ ಸತ್ತ ಹುಡುಗಿಯ ಬರಹ ಒಂದು ಗಡಿಯ ಆಚೆ ಎಲ್ಲರದು, ಈಚೆ ಕೆಲವರದು ಅನ್ನುವ ಸ್ಥಿತಿ ಸರಿಯಲ್ಲ.

ನಮ್ಮ ದೇಶದ ಕಾನೂನು? 1957ರ ಕಾಪಿರೈಟ್ ಕಾಯ್ದೆಯಲ್ಲಿ ಲೇಖಕನ ಸಾವಿನ ನಂತರ 60 ವರ್ಷ. ಸರ್ಕಾರಿ ಕೃತಿಗೆ ಪ್ರಕಟವಾದ ಮೇಲೆ 60 ವರ್ಷ. ಆದರೆ ಲೇಖಕ ಬದುಕಿದ್ದಾಗ ಪ್ರಕಟವಾಗದ ಬರಹಕ್ಕೆ 60 ವರ್ಷದ ಲೆಕ್ಕ ಶುರುವಾಗುವುದು ಅದು ಮೊದಲು ಪ್ರಕಟವಾದ ಮೇಲೆ. ಪ್ರಕಟವೇ ಆಗದಿದ್ದರೆ ಲೆಕ್ಕ ಶುರುವೇ ಆಗುವುದಿಲ್ಲ. ಹಳೆಯ ಆಸ್ಟ್ರೇಲಿಯಾದ್ದೇ ಕಥೆ. ಪುಣ್ಯಕ್ಕೆ ಸೆಕ್ಷನ್ 52ರಲ್ಲಿ ಒಂದು ಕಿಟಕಿ ಇದೆ. ಸಾರ್ವಜನಿಕರಿಗೆ ಪ್ರವೇಶವಿರುವ ಗ್ರಂಥಾಲಯ, ಮ್ಯೂಸಿಯಂ ಅಥವಾ ಅಂಥ ಸಂಸ್ಥೆಯಲ್ಲಿರುವ ಅಪ್ರಕಟಿತ ಬರಹವನ್ನು ಸಂಶೋಧನೆಗೆ, ಪ್ರಕಟಣೆಗೆ ಪ್ರತಿ ಮಾಡಬಹುದು. ಲೇಖಕ ಯಾರೆಂದು ಗೊತ್ತಿದ್ದರೆ ಅವನು ಸತ್ತು 60 ವರ್ಷ ಆಗಿರಬೇಕು. ಯಾರದೋ ಮನೆಯ ಟ್ರಂಕಿನಲ್ಲಿರುವ ಪತ್ರಕ್ಕೆ ಈ ಅವಕಾಶ ಇಲ್ಲ. ಅದು ಸಂಗ್ರಹಾಲಯಕ್ಕೆ ಬರಬೇಕು.

ಇನ್ನೊಂದು ಮಾತು. ಹಳೆಯ ಹಾಳೆಯನ್ನು ಸ್ಕ್ಯಾನ್ ಮಾಡಿದ ಸಂಸ್ಥೆ ಅದರ ಮೇಲೆ ತನ್ನ ಕಾಪಿರೈಟ್ ಗುರುತು ಒತ್ತುವುದು ಎಲ್ಲ ಕಡೆ ಇದೆ. ಇದ್ದದ್ದನ್ನು ಇದ್ದ ಹಾಗೇ ನಕಲು ಮಾಡಿದರೆ ಹೊಸ ಹಕ್ಕು ಹುಟ್ಟುವುದಿಲ್ಲ ಅಂತ ಅಮೆರಿಕದ ಕೋರ್ಟು 1999ರಲ್ಲೇ ಹೇಳಿದೆ. ನಮ್ಮ ಸುಪ್ರೀಂ ಕೋರ್ಟು ಕೂಡ 2007ರ ಈಸ್ಟರ್ನ್ ಬುಕ್ ಕಂಪನಿ ಪ್ರಕರಣದಲ್ಲಿ, ಬರೀ ಶ್ರಮ ಸಾಲದು, ಸ್ವಂತ ಕೌಶಲ ಮತ್ತು ವಿವೇಚನೆ ಬೇಕು ಅಂದಿದೆ.

1918ರ ಸೆಪ್ಟೆಂಬರ್ 23ರಂದು ಹೈಫಾದಲ್ಲಿ ಹೋರಾಡಿದ ಮೈಸೂರು ಲ್ಯಾನ್ಸರ್ಸ್‌ನವರ ಮನೆತನಗಳು ನಮ್ಮಲ್ಲಿವೆ. ತಲೆತಲಾಂತರದಿಂದ ಸೇನೆಗೆ ಹೋದ ಕೊಡಗಿನ ಕುಟುಂಬಗಳಿವೆ. ಅಜ್ಜನ ಪತ್ರ, ಡೈರಿ, ಫೋಟೋ ಇರುವವರು ಅವನ್ನು ಯಾವುದಾದರೂ ಸಂಗ್ರಹಾಲಯಕ್ಕೆ ಕೊಡುವುದಾದರೆ ಕಾಗದದ ಜೊತೆ ಹಕ್ಕಿನ ಮಾತನ್ನೂ ಬರೆದುಕೊಡಿ. ‘ಪ್ರಕಟಿಸಲು ಒಪ್ಪಿಗೆ ಇದೆ’ ಅಂತ ಒಂದು ಸಾಲು ಸಾಲದು. ಅವಧಿ ಹೇಳದಿದ್ದರೆ ಕಾಯ್ದೆಯ ಪ್ರಕಾರ ಆ ಒಪ್ಪಿಗೆ ಐದೇ ವರ್ಷ. ಜಾಗ ಹೇಳದಿದ್ದರೆ ಭಾರತದೊಳಗೆ ಮಾತ್ರ. ಕಾಪಿರೈಟಿನ ಪೂರ್ತಿ ಅವಧಿಗೆ, ಇಡೀ ಜಗತ್ತಿಗೆ, ಜಾಲತಾಣವೂ ಸೇರಿ ಅಂತ ಬಿಡಿಸಿ ಬರೆದು, ಅಜ್ಜನ ವಾರಸುದಾರರೆಲ್ಲರೂ ಸಹಿ ಹಾಕಬೇಕು. ಅವರೆಲ್ಲ ಯಾರು, ಎಲ್ಲಿದ್ದಾರೆ ಅನ್ನುವುದು ಇವತ್ತು ನಿಮಗೆ ಗೊತ್ತಿರುತ್ತದೆ.